ಆನೆಸಾಲು

ಅಂಚೆಟ್ಟಿ ಕಾಡಂಚಿನ ಆನೆಗಳು ಗುಡ್ಡದ ಮೇಲಿನ ಕಲ್ಲುಗದ್ದುಗೆಯಲ್ಲಿ ಕೂತವರ ಮಾತನ್ನು ಮಾತ್ರ ಕೇಳುತ್ತಿದ್ದವು. ಐವತ್ತು ವರ್ಷ ಕೂತಿದ್ದ ನಾರಾಯಣಮ್ಮ ಕಾರ್ತಿಕದಲ್ಲಿ ಕಣ್ಣು ಮುಚ್ಚಿದಳು. ಉಳಿದವರು ಇಬ್ಬರು ಮೊಮ್ಮಕ್ಕಳು, ಉಮಾಶಂಕರ್ ಮತ್ತು ನಾಗವೇಣಿ. ಆನೆ ಹೊಲಕ್ಕಿಳಿಯುವ ಹೊತ್ತಿನಲ್ಲಿ ಬೆಂಕಿಯಿಲ್ಲದೆ, ತಮಟೆಯಿಲ್ಲದೆ ಐವರು ರೈತರು ಯಾರ ಬೆನ್ನಿಗೆ ಕದಲದೆ ನಿಲ್ಲುತ್ತಾರೋ ಅವರಿಗೇ ಗದ್ದುಗೆ. ಕಟ್ಟಳೆ ಅಷ್ಟೇ.

ಕಾಡಿಗೆ ಮೊದಲು ಸಿಗುವ ಹೊಲ ಚೆನ್ನಕೇಶವನದು. ಎರಡೆಕರೆ ರಾಗಿ ತೆನೆ ಬಾಗಿ ನಿಂತಿತ್ತು. ಅದು ತುಳಿದುಹೋದರೆ ವರ್ಷದ ಮುದ್ದೆಯೇ ಹೋದಂತೆ.

ಉಮಾಶಂಕರ್ ಹೊಸೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಪದವಿಗಳನ್ನೂ ಶಿಫ್ಟ್ ಹಾಕಿದಂತೆ ಹಂಚುತ್ತಿದ್ದ. ಜೀಪಿನಲ್ಲಿ ಬಂದವನು ಕೆಂಪು ಶಾಲು ಚಾಚಿದ.

"ಮಾವ, ನಾನು ಕೂತ್ರೆ ಒಂದು ತೆನೇನೂ ಆನೆ ಮುಟ್ಟಾಕಿಲ್ಲ. ನೀನೇ ನನ್ ದಂಡನಾಯಕ."

"ಊರಾಗೆ ಆಗ್ಲೇ ಮೂರು ಜನ ದಂಡನಾಯಕ್ರವ್ರೆ ಕಣ್ಲಾ," ಎಂದ ಚೆನ್ನಕೇಶವ. "ದಂಡೆಲ್ಲಯ್ತೆ?"

ಮರುದಿನ ನಾಗವೇಣಿ ಬರಿಗೈಯಲ್ಲಿ ಬಂದಳು.

"ಮಾವ, ಕಾಡಿನ ಕಡೆ ಒಂದು ಸಾಲು ಆನೆಗೆ ಬಿಡು. ಅಜ್ಜಿ ಕಾಲ್ದಂಗೆ. ತಿಂದು ಹೋಯ್ತವೆ, ತುಳಿಯಾಕಿಲ್ಲ."

"ಅವನು ಕೊಡ್ತೀನಿ ಅಂತ ಬಂದ, ನೀನು ಕೇಳಾಕ್ ಬಂದೆ! ನಿಮ್ಮನೆ ಹಸಾನೇ ನಿನ್ ಮಾತು ಕೇಳಾಕಿಲ್ಲ, ಆನೆ ಕೇಳ್ತದಾ?"

"ನನ್ ಬೆನ್ನಿಗೆ ಬಾ ಅಂದೆನಾ ಮಾವ? ಸಾಲು ಬಿಡು ಅಂದೆ, ಅಷ್ಟೇಯ," ಎಂದು ಹೊರಟಳು.

ಗದ್ದುಗೆಯ ಪರೀಕ್ಷೆ ಇದ್ದ ದಿನ ಬೆಳಿಗ್ಗೆ ಹುಲ್ಲಿಗೆ ಹೋದ ಚೆನ್ನಕೇಶವ ಅವಳ ಹೊಲದ ಬದುವಿನಲ್ಲಿ ನಿಂತುಬಿಟ್ಟ. ಅಂಚಿನ ಒಂದು ಸಾಲು ಬೋಳಾಗಿತ್ತು. ಮೊರದಗಲದ ಹೆಜ್ಜೆಗಳು ಅಲ್ಲಿಗೇ ನಿಂತು ಹಿಂದಿರುಗಿದ್ದವು. ಎರಡನೆಯ ಸಾಲಿನೊಳಗೆ, ಆ ಹೆಜ್ಜೆಗಳಿಗೆ ಎದುರಾಗಿ, ಎರಡು ಸಣ್ಣ ಬರಿಗಾಲಿನ ಗುರುತು.

ಒಬ್ಬಳೇ ನಿಂತಿದ್ದಾಳೆ. ಯಾರಿಗೂ ಹೇಳಿಲ್ಲ.

"ಹೇಳ್ಕೊಳ್ಳಾಕೂ ಬರ್ದಿರೋ ಪೆದ್ದಿ," ಎಂದು ಗೊಣಗಿದ. ಆ ಗುರುತನ್ನು ತುಳಿಯದೆ ಸುತ್ತಿ ನಡೆದ.

ಸಂಜೆ ಅವನು ತನ್ನ ಹೊಲದ ಕಾವಲು ಅಟ್ಟಣೆ ಏರಿ ಕೂತ. ಉಮಾಶಂಕರ್ ಐದು ಶಾಲುಗಳ ಸಮೇತ ರಾಗಿಯ ಅಂಚಿಗೆ ನಿಂತ. ಕಾಡಿನಿಂದ ಮುದಿ ಹೆಣ್ಣಾನೆ ಬಂತು, ಹಿಂದೆ ಆರು. ಅದು ಕಿವಿ ಬೀಸಿತು, ಅಷ್ಟೇ. ಮೊದಲ ದಂಡನಾಯಕ ಓಡಿದ. ಎರಡನೆಯವನು ಚಪ್ಪಲಿ ಬಿಟ್ಟು ಓಡಿದ. ಉಳಿದವರು ಎಡವಿಬಿದ್ದರು, ಎದ್ದರು, ಓಡಿದರು. ಬಾಯಲ್ಲಿ ಬೆಟ್ಟ ಹೊತ್ತಿದ್ದ ಉಮಾಶಂಕರ್ ಎಲ್ಲರಿಗಿಂತ ಮೊದಲು ಜೀಪು ಸೇರಿದ್ದ.

ಆಗ ನಾಗವೇಣಿ ಬದು ದಾಟಿ ಬಂದಳು. ಹಿಂದೆ ಕಾಡಂಚಿನ ಹೊಲದವರು, ನಾಲ್ವರೇ. ಅವಳು ಅಟ್ಟಣೆಯ ಕಡೆ ಕತ್ತೆತ್ತಲೂ ಇಲ್ಲ. ಆನೆ ಮೊದಲ ಸಾಲಿಗೆ ಸೊಂಡಿಲು ಚಾಚಿತು.

"ಥೂ, ಒಬ್ಬ ಕಡಿಮೆ ಬಿದ್ದನಲ್ಲ," ಎಂದು ಬೈಯುತ್ತಾ ಚೆನ್ನಕೇಶವ ಇಳಿದ. ತುಟಿಯಲ್ಲಿ ನಾರಾಯಣನ ನಾಮ. ಹೋಗಿ ಅವಳ ಹಿಂದೆ ನಿಂತ.

"ಅಂಚಿನ ಸಾಲು ನಿಮ್ದು ತಾಯಿ," ಎಂದಳು ನಾಗವೇಣಿ ಆನೆಗೆ. "ಒಳಗಿಂದು ಮಾವಂದು."

ಆನೆಗಳು ಒಂದು ಸಾಲು ಮೇಯ್ದವು. ಎರಡನೆಯ ಸಾಲನ್ನು ಮೂಸಿ, ಹಿಂದಿರುಗಿ ಹೋದವು.

"ಪಟ್ಟ ಸಿಕ್ಕಿದ್ ದಿನಾನೇ ನನ್ ರಾಗಿ ತಿನ್ನಿಸ್ಬುಟ್ಟೆ," ಎಂದ ಚೆನ್ನಕೇಶವ.

"ಬರೋ ವರ್ಷಾನೂ ತಿನ್ನಿಸ್ತೀನಿ ಮಾವ."

ಬೆಳಿಗ್ಗೆ ಅವನು ಹೊಲದಲ್ಲಿ ಬಿದ್ದಿದ್ದ ಶಾಲೊಂದನ್ನು ಕೊಡವಿ, ಬೆದರುಬೊಂಬೆಯ ಹೆಗಲಿಗೆ ಹೊದಿಸಿದ.

"ನೀನೇ ದಂಡನಾಯಕ ಕಣ್ಲಾ," ಎಂದ. "ನೀನಾದ್ರೂ ಓಡಾಕಿಲ್ಲ."