ಎಡಗಡೆಯ ಕುರ್ಚಿ

ಹದಿನಾಲ್ಕು ವರ್ಷ ಆ ಮನುಷ್ಯ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿದ್ದ. ತೊಡೆಯ ಮೇಲೊಂದು ಚೀಟಿ ಇಟ್ಟುಕೊಂಡು ಯಾರ ಫೌಲ್ ಎಷ್ಟಾಯಿತೆಂದು ಗೀಟು ಹಾಕುವುದು, ಯಾರದಾದರೂ ನಾಲ್ಕಾದರೆ ಎಡಕ್ಕೆ ವಾಲಿ ದೊಡ್ಡ ಕೋಚ್ ಕಿವಿಯಲ್ಲಿ "ನಾಲ್ಕಾಯ್ತು ಸರ್" ಎನ್ನುವುದು, ಇಷ್ಟೇ ಕೆಲಸ. ಐದಾದರೆ ಹುಡುಗಿ ಹೊರಗೆ, ಮತ್ತೆ ಒಳಗೆ ಕಾಲಿಡುವಂತಿಲ್ಲ. ನಾಲ್ಕಾದವಳನ್ನು ಹೊರಗೆ ಕರೆಸುವುದೋ ಆಡಿಸುವುದೋ, ಅದು ದೊಡ್ಡವರ ಚಿತ್ತ. "ನೀವು ಎಣಿಸೋಕೆ ಹುಟ್ಟಿದೋರು, ಆಡಿಸೋಕಲ್ಲ ಬಿಡಿ," ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ದೊಡ್ಡ ಕೋಚ್ ಮಂಡಿನೋವು ಸಾಕಪ್ಪಾ ಎಂದು ಮನೆ ಸೇರಿದಾಗ ಪ್ರಿನ್ಸಿಪಾಲರು ಇವನನ್ನು ಕರೆದರು. "ಈ ಸೀಸನ್ ನೀವೇ ನೋಡ್ಕೊಳ್ಳಿ. ಫೈನಲ್‌ಗೆ ಬಂದ್ರೆ ಜಾಗ ನಿಮ್ದೇ. ಇಲ್ಲಾಂದ್ರೆ ಹೊರಗಿನವರನ್ನ ಕರೆಸ್ತೀವಿ, ಬೇಜಾರು ಮಾಡ್ಕೋಬೇಡಿ." ಬೇಜಾರು ಮಾಡಿಕೊಳ್ಳದಿರಲು ಇವನೇನು ಕಲ್ಲೇ?

ಮೊದಲ ಮೂರು ಪಂದ್ಯ ಮಕಾಡೆ ಮಲಗಿದವು. ಹುಡುಗಿಯರಿಗೋ ಇವನು ಇನ್ನೂ "ಚೀಟಿ ಸರ್". ಆದರೆ ಯಾವಳು ಸುಸ್ತಾದರೆ ಸೊಂಟಕ್ಕೆ ಕೈ ಕೊಡುತ್ತಾಳೆ, ಯಾವಳಿಗೆ ಬೈದರೆ ಆಟ ಕೆಡುತ್ತದೆ, ಎಲ್ಲ ಇವನಿಗೆ ಅಂಗೈ ಗೆರೆಯಂತೆ ಗೊತ್ತಿತ್ತು. ಅದೇ ಕೈ ಹಿಡಿಯಿತು. ಸಾಲಾಗಿ ಏಳು ಪಂದ್ಯ ಗೆದ್ದು ತಂಡ ಸೆಮಿಫೈನಲ್ ಮುಟ್ಟಿತು. ಇಷ್ಟಾದರೂ ತನ್ನ ಎಡಗಡೆಯ ಕುರ್ಚಿಯಲ್ಲಿ ಯಾರನ್ನೂ ಕೂರಿಸಲಿಲ್ಲ. "ಗುರುಗಳ ಜಾಗ, ಖಾಲಿ ಇರ್ಲಿ," ಎನ್ನುತ್ತಿದ್ದ. ಅದು ಭಕ್ತಿಯೋ ಪುಕ್ಕಲುತನವೋ ಆ ದೇವರೇ ಬಲ್ಲ.

ಸೆಮಿಫೈನಲ್‌ನಲ್ಲಿ ನಾಲ್ಕು ನಿಮಿಷ ಬಾಕಿ, ಇವರು ಆರು ಅಂಕ ಮುಂದೆ. ಆಗ ಕ್ಯಾಪ್ಟನ್, ಎಲ್ಲರೂ ಏಣಿ ಎಂದು ಕರೆಯುವ ಕೊನೇ ವರ್ಷದ ಉದ್ದನೆ ಹುಡುಗಿ, ನಾಲ್ಕನೇ ಫೌಲ್ ಮಾಡಿದಳು. ಸೀಟಿ ಮೊಳಗಿತು, ಆಟ ನಿಂತಿತು. ಬದಲಿ ಹುಡುಗಿಯನ್ನು ಕಳಿಸಲು ಅದೇ ಸಮಯ. ಇವನ ಕೈ ಗೀಟು ಹಾಕಿತು, ಕತ್ತು ಎಡಕ್ಕೆ ವಾಲಿತು.

"ನಾಲ್ಕಾಯ್ತು ಸರ್," ಎಂದ, ಖಾಲಿ ಕುರ್ಚಿಗೆ. ಹಾಗಂದು ಕಾದ. ಅಯ್ಯೋ ಪುಣ್ಯಾತ್ಮ, ಅಪ್ಪಣೆಗೆ ಕಾದ! ಅಷ್ಟರಲ್ಲಿ ಆಟ ಮತ್ತೆ ಶುರುವಾಯಿತು. ಏಣಿ ಎದುರಾಳಿಯನ್ನು ತಡೆಯಲು ಹೋಗಿ ಭುಜ ತಾಗಿಸಿದಳು. ಐದು. ಅವಳು ಹೊರಬಿದ್ದ ಮೇಲೆ ತಂಡ ದಿಕ್ಕೆಟ್ಟು ಒಂದೇ ಒಂದು ಅಂಕದಿಂದ ಸೋತಿತು.

ವಾಪಸು ಬರುವ ಬಸ್ಸಿನಲ್ಲಿ ಇವನು ಅವಳ ಸೀಟಿನ ಹತ್ತಿರ ಹೋಗಿ ನಿಂತ. "ತಪ್ಪು ನಂದು ಕಣಮ್ಮಾ. ನಾಲ್ಕಾಗಿದ್ದು ನೋಡಿದ್ದೆ. ಕರೆಸ್ಲಿಲ್ಲ."

"ಗೊತ್ತು ಸರ್," ಎಂದಳು ಅವಳು, ಅತ್ತು ಕೆಂಪಾದ ಕಣ್ಣಲ್ಲಿ. "ನಾನು ನಿಮ್ಮನ್ನೇ ನೋಡ್ತಿದ್ದೆ. ನೀವು ಕುರ್ಚಿ ನೋಡ್ತಿದ್ರಿ."

ಇದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ವಾಸಿಯಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದೊಡ್ಡ ಕೋಚ್.

"ಟೀವೀಲಿ ನೋಡ್ದೆ ಕಣಯ್ಯಾ. ಯಾಕೋ ಕರೆಸ್ಲಿಲ್ಲ?"

"ನಿಮ್ಮಷ್ಟು ಅಂದಾಜು ನನಗೆಲ್ಲಿ ಬರ್ಬೇಕು ಸರ್?"

"ಯಾವ ಅಂದಾಜೋ? ನೀನು ಗಾಬರಿಯಿಂದ 'ನಾಲ್ಕಾಯ್ತು' ಅಂದ್ರೆ ಕರೆಸ್ತಿದ್ದೆ, ನಿಧಾನಕ್ಕೆ ಅಂದ್ರೆ ಬಿಡ್ತಿದ್ದೆ. ನಿನ್ನ ದನಿ ಕೇಳಿ ತಾನೇ ನಾನು ಆಡಿಸ್ತಿದ್ದದ್ದು!"

ಕೇಳಿ ಹಿಗ್ಗಬೇಕಿತ್ತು. ಇವನಿಗೆ ಮೈಯೆಲ್ಲ ಉರಿದುಹೋಯಿತು. ಜನ್ಮದಲ್ಲಿ ಮೊದಲ ಸಲ ಗುರುಗಳ ಮೇಲೆ ದನಿ ಏರಿಸಿದ: "ಹದಿನಾಲ್ಕು ವರ್ಷದಲ್ಲಿ ಒಂದೇ ಒಂದ್ಸಲ ಬಾಯಿಬಿಟ್ಟು ಹೇಳೋಕೆ ನಿಮಗೇನು ದಾಡಿಯಾಗಿತ್ತು?"

ಇಡೀ ಬಸ್ಸು ತಿರುಗಿ ನೋಡಿತು. ಆ ಕಡೆಯಿಂದ ಮುದುಕರ ದನಿ ಮೆಲ್ಲಗೆ ಕೇಳಿತು.

"ಹೇಳಿದ್ದಿದ್ರೆ, ನೀನು ಇಷ್ಟು ವರ್ಷ ನನ್ನ ಪಕ್ಕದಲ್ಲೇ ಕೂತಿರ್ತಿದ್ಯೇನೋ?"