ಮುಷ್ಟಿಯೊಳಗಿನ ಬಲ್ಬು

ಬಂಪರಿನ ಹಿಂದೆ ಕೈ ತೂರಿಸಿ ಧೂಳು ಒರೆಸುತ್ತಿದ್ದ ಮಗಳ ಬೆರಳಿಗೆ ಏನೋ ನುಣುಪಾದದ್ದು ತಾಗಿತು. ಒತ್ತಿದಳು. ಟಕ್ ಎಂದಿತು. ಬಗ್ಗಿ ನೋಡಿದರೆ ಮನೆ ಬಾಗಿಲಿಗೆ ಹಾಕುವ ಕಾಲಿಂಗ್ ಬೆಲ್ಲಿನ ಗುಂಡಿ. ಅದರಿಂದ ಹೊರಟ ಎರಡು ವೈರುಗಳು ರೇಡಿಯೇಟರಿನ ಪಕ್ಕದಲ್ಲಿ ನುಸುಳಿ ಬಾನೆಟ್ಟಿನೊಳಕ್ಕೆ ಹೋಗಿದ್ದವು.

"ಕಾರಿಗ್ಯಾಕಪ್ಪಾ ಕಾಲಿಂಗ್ ಬೆಲ್ಲು?" ಎಂದು ಕೇಳಿಯೂಬಿಟ್ಟಳು. ಉತ್ತರ ಹೇಳಬೇಕಾದವರು ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು.

ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ತೀರಿಕೊಂಡವರ ತಂಗಿ. ಅತ್ತು ಅತ್ತು ಮೂಗು ಕೆಂಪಾಗಿದ್ದರೂ ಬಾಯಿ ಮಾತ್ರ ಸೋತಿರಲಿಲ್ಲ.

"ವ್ಯಾನಿನವನು ಬಂದು ನಿಂತಾಯ್ತು. ನೀನಿನ್ನೂ ಇದರ ಮೈ ತೊಳೀತಾ ಕೂತಿದೀಯಲ್ಲೇ! ನನ್ನ ಮಗನ ಕಾರಿದೆ, ಮೆತ್ತಗಿನ ಸೀಟಿದೆ. ನಿಮ್ಮಮ್ಮ ಅದರಲ್ಲಿ ಬಂದರೆ ಏನು ಗಂಟು ಹೋಗತ್ತೆ?"

"ಅಮ್ಮ ಒಪ್ಪಬೇಕಲ್ಲ, ಅತ್ತೆ."

"ಎಲ್ಲಿ ಒಪ್ತಾಳೆ! ಅಣ್ಣ ಹೋಗೋವಾಗ ತನ್ನ ಹಠಾನೆಲ್ಲ ಅತ್ತಿಗೆ ಕೈಗೆ ಕೊಟ್ಟು ಹೋಗಿದಾನೆ."

ಅಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. ಅಪ್ಪನ ಮುಖದ ಮೇಲೆ ಅಂಗೈ ಇಟ್ಟು, ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಸವರಿ, "ಇವರ ಹಿಂದೆ ನಾನು ಇವರ ಕಾರಲ್ಲೇ ಹೋಗೋದು. ದೀಪ ನೋಡಿಯೇ ಹೊರಡೋದು. ನೋಡದೆ ಇವರು ಯಾವತ್ತೂ ಹೊರಟವರಲ್ಲ," ಎಂದಿದ್ದರು.

*

ಭಾನುವಾರ ಬೆಳಿಗ್ಗೆ ಆ ಮನೆಯಲ್ಲಿ ದೀಪ ನೋಡುವ ಹೊತ್ತು.

ಅಪ್ಪನ ಕಾರು ವಯಸ್ಸಿನಲ್ಲಿ ಅಪ್ಪನಿಗಿಂತ ಸ್ವಲ್ಪವೇ ಚಿಕ್ಕದು. ಅದರ ಇಂಜಿನ್ನಿಗೆ ಅಂಟಿಕೊಂಡು ಬಟ್ಟಲಿನಂಥ ಒಂದು ಡಿಸ್ಟ್ರಿಬ್ಯೂಟರು, ಅದರೊಳಗೆ ಪಾಯಿಂಟು ಎಂಬ ಎರಡು ಪುಟ್ಟ ಲೋಹದ ತುಟಿಗಳು. ಅವು ಕೂಡುತ್ತವೆ, ಬಿಡುತ್ತವೆ. ಬಿಟ್ಟ ಕ್ಷಣಕ್ಕೆ ಕಿಡಿ ಹಾರುತ್ತದೆ, ಕಾರು ಓಡುತ್ತದೆ. ಓಡಿ ಓಡಿ ತುಟಿಗಳು ಸವೆಯುತ್ತವೆ, ಕ್ಷಣ ತಪ್ಪುತ್ತದೆ. ತಪ್ಪಿದ ಕ್ಷಣವನ್ನು ಹುಡುಕಲು ವೈರಿನ ತುದಿಗೊಂದು ಸಣ್ಣ ಬಲ್ಬು. ಅಪ್ಪ ಮುಂದೆ ಕುಕ್ಕರಗಾಲಲ್ಲಿ ಕೂತು, ಇಂಜಿನ್ನನ್ನು ಕೈಯಲ್ಲಿ ಉರುಳಿಸುವ ಹ್ಯಾಂಡಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುವರು. ಅಮ್ಮ ಪಕ್ಕದಲ್ಲಿ ಬಲ್ಬು ಹಿಡಿದು ನಿಲ್ಲುವರು. ತುಟಿ ಬಿಟ್ಟ ಕೂಡಲೇ ಬಲ್ಬು ಹತ್ತುತ್ತದೆ.

"ಬಂತಾ?"

"ಇನ್ನೂ ಇಲ್ಲ."

"ಬಂತಾ?"

"ತಡೀರಿ. ನೀವು ಕರೆದ ಕೂಡಲೇ ಓಡಿ ಬರೋಕೆ ಅದೇನು ನಾನಾ?"

ಒಲೆಯ ಮೇಲಿನ ಹಾಲನ್ನು ಕಾಯುವ ಹಾಗೆ ಅಮ್ಮ ಬಲ್ಬನ್ನು ಕಾಯುತ್ತಿದ್ದರು. ಆಮೇಲೆ, ಯಾರೋ ನೆಂಟರು ಬಂದಷ್ಟು ಸಂತೋಷದಲ್ಲಿ, "ಬಂತು!"

ಮೆಟ್ಟಿಲ ಮೇಲೆ ಕೂತ ಪುಟ್ಟ ಮಗಳಿಗೆ ನಿದ್ದೆ ಪೂರ್ತಿ ಹರಿದಿರುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಗಂಡ ಹೆಂಡತಿ ಭಾನುವಾರ ಹೀಗೇ ಮಾತಾಡಿಕೊಳ್ಳುತ್ತಾರೆ ಎಂದುಕೊಂಡಿದ್ದಳು.

*

ಬೀದಿಯ ತುದಿಯ ಗ್ಯಾರೇಜಿನಿಂದ ಗ್ರೀಸ್ ಮಾಮ ಬಂದರು. ಅಪ್ಪನ ಗೆಳೆಯ. ಕೈಯ ಕಪ್ಪು ಎಷ್ಟು ತೊಳೆದರೂ ಹೋಗದ್ದಕ್ಕೆ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅದರಲ್ಲಿ ಅವರು ಬೇರೆ ಯಾರೋ ಆಗಿ ಕಾಣುತ್ತಿದ್ದರು.

ಮಗಳು ಅಷ್ಟರಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದಿದ್ದಳು. ಪಾಯಿಂಟನ್ನೊಮ್ಮೆ ಉಜ್ಜಿಡೋಣವೆಂದು. ಒಳಗೆ ಪಾಯಿಂಟು ಇರಲಿಲ್ಲ. ಅದರ ಜಾಗದಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ಡಬ್ಬಿಯೊಂದು ತೆಪ್ಪಗೆ ಕೂತಿತ್ತು.

"ಮಾಮ, ಪಾಯಿಂಟ್ ಎಲ್ಲಿ?"

ಅವರು ಮೊದಲು ಬಾಗಿಲ ಕಡೆ ನೋಡಿದರು. "ಮೆಲ್ಲಗೆ ಮಾತಾಡು ಪುಟ್ಟಿ. ಅದನ್ನ ತೆಗೆದು ಎಷ್ಟೋ ವರ್ಷ ಆಯ್ತು. ಇದು ಎಲೆಕ್ಟ್ರಾನಿಕ್ ಇಗ್ನಿಷನ್, ಹೊತ್ತಿಗೆ ಸರಿಯಾಗಿ ತಾನೇ ಕಿಡಿ ಹಾರಿಸತ್ತೆ. ನಾನೇ ಹಾಕಿದ್ದು. ಇದರಲ್ಲಿ ಸವೆಯೋದೂ ಇಲ್ಲ, ಭಾನುವಾರ ಭಾನುವಾರ ದೀಪ ಹಿಡಿಯೋದೂ ಇಲ್ಲ."

"ಹೋದ ತಿಂಗಳು ನಾನು ಬಂದಾಗ್ಲೂ ಇಬ್ಬರೂ ದೀಪ ನೋಡ್ತಿದ್ರಲ್ಲ!"

"ಬಂಪರ್ ಹಿಂದೆ ಗುಂಡಿ ಸಿಗಲಿಲ್ವಾ ನಿಂಗೆ?"

*

ಅಪ್ಪನ ಕೆಲಸ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವುದು. ಹೆಂಡತಿಯ ಕನ್ನಡಕವನ್ನೂ ಅವರೇ ಮಾಡುತ್ತಿದ್ದರು. ಗಾಜು ವರ್ಷವರ್ಷಕ್ಕೂ ದಪ್ಪವಾಯಿತು. ಆಮೇಲೆ ದಪ್ಪ ಮಾಡಿಯೂ ಪ್ರಯೋಜನವಿಲ್ಲದ ಒಂದು ವರ್ಷ ಬಂತು. ಹೆಂಡತಿ ಏನೂ ಹೇಳಲಿಲ್ಲ. ಗಂಡನೂ ಕೇಳಲಿಲ್ಲ.

ಅದೇ ವರ್ಷ ಕಾರು ಕೆಟ್ಟಿತು. ಏರು ಹತ್ತುವಾಗ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಗ್ರೀಸ್ ಮಾಮ ಸರಿ ಮಾಡಿ ಕಳಿಸಿದರೆ, ಭಾನುವಾರ ಕಳೆದು ಸೋಮವಾರಕ್ಕೆ ಮತ್ತೆ ಅದೇ ಸದ್ದು.

"ನಾನು ಕಟ್ಟಿದ್ದನ್ನ ನೀನು ಬಿಚ್ತಿದೀಯ. ಕೈ ಕೆಟ್ಟಿದೆ ಕಣಯ್ಯಾ ನಿಂದು," ಎಂದು ಮಾಮ ಬೈದರು.

ಅಪ್ಪ ಗ್ಯಾರೇಜಿನ ಟಯರಿನ ಮೇಲೆ ಕೂತು ತಮ್ಮ ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. "ಅವಳು ಬಲ್ಬನ್ನ ನೋಡ್ತಿಲ್ಲ ಕಣೋ," ಎಂದರು ಕೊನೆಗೆ. "ಮುಷ್ಟೀಲಿ ಮುಚ್ಕೊಂಡು ಹಿಡ್ಕೋತಾಳೆ. ಬಿಸಿ ತಾಗಿದ ಮೇಲೆ 'ಬಂತು' ಅಂತಾಳೆ. ಅವಳು ತಡ ಮಾಡ್ತಾಳೆ ಅಂತ ಗೊತ್ತಿಲ್ಲದೆ, ಕಿಡೀನೇ ತಡ ಆಗ್ತಿದೆ ಅಂತ ನಾನು ಅದನ್ನ ಬೇಗ ಮಾಡ್ತೀನಿ. ನಮ್ಮಿಬ್ಬರ ಮಧ್ಯೆ ಇಂಜಿನ್ನು ಪಾಪ ಹಲ್ಲು ಕಡೀತಿದೆ."

"ನೇರವಾಗಿ ಹೇಳ್ಬಿಡು. ಬಲ್ಬು ನಾನು ಹಿಡೀತೀನಿ."

"ನೀನು ಹಿಡಿದ್ರೆ ಅವಳೇನು ಹಿಡೀಬೇಕು?" ಅಪ್ಪ ಕನ್ನಡಕ ಹಾಕಿಕೊಂಡರು. "ಅವಳಾಗೇ ಹೇಳೋವರೆಗೂ ನಂಗೆ ಗೊತ್ತಿಲ್ಲ. ಅವಳು ಎಷ್ಟು ತಡ ಮಾಡಿದ್ರೂ ನಡೆಯೋ ಹಾಗೆ ಏನಾದ್ರೂ ಮಾಡಿಕೊಡು."

ಮಾಮ ಪಾಯಿಂಟು ಕಿತ್ತು ಕಪ್ಪು ಡಬ್ಬಿ ಕೂರಿಸಿದರು. ಕಾಲಿಂಗ್ ಬೆಲ್ಲಿನ ಗುಂಡಿಯನ್ನು ಅಪ್ಪನೇ ತಂದಿದ್ದರು. ಬ್ಯಾಟರಿಯಿಂದ ಗುಂಡಿಗೆ, ಗುಂಡಿಯಿಂದ ಬಲ್ಬಿಗೆ ವೈರು ಎಳೆಯುತ್ತ ಮಾಮ ನಕ್ಕರು. "ಹೆಂಡ್ತಿಗೋಸ್ಕರ ಜನ ಸರ ಮಾಡಿಸ್ತಾರೆ, ಬಳೆ ಮಾಡಿಸ್ತಾರೆ. ಇಗ್ನಿಷನ್ ಮಾಡಿಸಿದವನು ನೀನೊಬ್ಬನೇ."

*

ಮಗಳಿಗೆ ಬೆಳಗಿನ ಆ ಅಂಗೈ ನೆನಪಾಯಿತು. ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಹೋದ ಅಂಗೈ. ಅದನ್ನು ಅವಳು ಬರೀ ದುಃಖವೆಂದುಕೊಂಡಿದ್ದಳು.

"ಇದು ಅಮ್ಮಂಗೆ ಮೋಸ ಅಲ್ವಾ, ಮಾಮ?"

ಮಾಮ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತೆ ಕೂರಿಸಿ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೊರಗೆ ಬಂದರು. ಒಂದು ಕಡೆ ಅತ್ತೆ ಹಿಡಿದುಕೊಂಡಿದ್ದಳು. ಬಂದವರೆಲ್ಲ ಗೇಟಿನ ಬಳಿ ಗುಂಪಾಗಿದ್ದರು. ಅವರಲ್ಲಿ ಅರ್ಧ ಜನರ ಮೂಗಿನ ಮೇಲೆ ಅಪ್ಪ ಉಜ್ಜಿದ ಗಾಜುಗಳು ಬಿಸಿಲಿಗೆ ಮಿನುಗುತ್ತಿದ್ದವು. ಅಪ್ಪನನ್ನು ವ್ಯಾನಿನಲ್ಲಿ ಮಲಗಿಸಿ ಆಗಿತ್ತು.

"ಅಮ್ಮಾವ್ರೇ, ನಂಗೆ ಇನ್ನೊಂದು ಕಡೆ ಹೋಗೋದಿದೆ," ವ್ಯಾನಿನವನು ಮೆತ್ತಗೆ ಹೇಳಿದ.

"ಹೋಗುವಿಯಂತೆ ಇರಪ್ಪ. ಅವರಿಗೇ ಅವಸರ ಇಲ್ಲ, ನಿಂಗ್ಯಾಕೆ?" ಎಂದರು ಅಮ್ಮ.

ಮಗಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ಕಾರು ಸರಿಯಾಗಿದೆ ಅಮ್ಮ, ಇನ್ನು ದೀಪ ಬೇಡ, ಬಾ ಕೂತ್ಕೋ. ಅಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ಅಮ್ಮ ಆಗಲೇ ಬಾನೆಟ್ಟಿನ ಪಕ್ಕ ತಮ್ಮ ಮಾಮೂಲಿ ಜಾಗದಲ್ಲಿ ನಿಂತು, ಬ್ಯಾಟರಿಯ ಮೇಲಿನ ಕೊಕ್ಕೆಯಿಂದ ಬಲ್ಬನ್ನು ಬಿಡಿಸಿಕೊಂಡಿದ್ದರು. ತಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಗೆ ಕೈ ಹಾಕಿದಷ್ಟು ಸಲೀಸಾಗಿ. ಬೆರಳು ಮುಚ್ಚಿಕೊಂಡವು.

ಮಗಳು ಹ್ಯಾಂಡಲ್ ಹಿಡಿದು ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಬಂತಾ, ಅಮ್ಮ?"

"ಇನ್ನೂ ಇಲ್ಲ."

ಇಂಜಿನ್ನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಮೆಲ್ಲಗೆ ಉರುಳಿತು. ಮಗಳು ಎಡಗೈಯನ್ನು ಬಂಪರಿನ ಹಿಂದೆ ತೂರಿಸಿ ಗುಂಡಿ ಒತ್ತಿ ಹಿಡಿದಳು.

"ಬಂತು," ಎಂದರು ಅಮ್ಮ.

ಮಗಳು ಬಲಗೈಯಲ್ಲಿ ಹ್ಯಾಂಡಲನ್ನು ಈಚೆಗೆ ಎಳೆದುಕೊಂಡಳು. ಮಾಮ ಸ್ಟಿಯರಿಂಗಿನ ಮುಂದೆ ಕೂತು ಕೀಲಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಎದ್ದಿತು, ಕೆಮ್ಮದೆ, ಹಲ್ಲು ಕಡಿಯದೆ. ಆ ಸದ್ದಿನ ಮರೆಯಲ್ಲಿ ಅಮ್ಮ ಮಗಳ ಕಡೆ ಬಾಗಿದರು.

"ನಿಮ್ಮಪ್ಪ ದೀಪಾನ ಇಷ್ಟು ಬೇಗ ಕೊಡ್ತಿರಲಿಲ್ಲ ಕಣೇ. ಸ್ವಲ್ಪ ಸತಾಯಿಸಿ ಕೊಡೋರು."

ಮಗಳ ಬೆರಳು ಗುಂಡಿಯಿಂದ ಜಾರಿತು. ಆಚೆ ವ್ಯಾನು ಹೊರಡಲು ಗುರುಗುಟ್ಟಿತು. ಅತ್ತೆ ಕಾರಿನ ಬಾಗಿಲು ತೆರೆದು ಹಿಡಿದಳು. ಅಮ್ಮ ನಿಂತಲ್ಲೇ ನಿಂತಿದ್ದರು, ಮುಷ್ಟಿ ಬಿಚ್ಚಲಿಲ್ಲ.

"ಇನ್ನೊಂದ್ಸಲ," ಎಂದರು.

ಮಗಳು ಈ ಸಲ ತಡೆದಳು. ಸುಮ್ಮನೆ ಕಾದಳು, ಅಮ್ಮನ ತುಟಿಯ ಅಂಚಿನಲ್ಲಿ ಹುಸಿಕೋಪವೊಂದು ಮೂಡುವವರೆಗೆ ಕಾದಳು. ಆಮೇಲೆ ಒತ್ತಿದಳು. ಮುಚ್ಚಿದ ಬೆರಳುಗಳ ಸಂದಿಗಳು ಒಂದೊಂದಾಗಿ ಕೆಂಪಾದವು.