ಮಾಸ್ತರರ ಏಟು ತಿಂದ ವರ್ಷ

ನಾನು ರೊಟ್ಟಿ ಬಡಿಯುವ ಹಲಗೆ. ಏಟು ತಿನ್ನುವುದಕ್ಕೆಂದೇ ಹುಟ್ಟಿದ ಜೀವ. ಗದಗಿನ ಬಡಿಗೇರ ಮೌನೇಶಪ್ಪ ಬೇವಿನ ಮರ ಕೆತ್ತಿ ನನ್ನನ್ನು ಮಾಡಿದ. ನೀಲಗಂಗವ್ವನ ಮದುವೆಯ ಪಾತ್ರೆಗಳ ಜೊತೆ ಬೆಟಗೇರಿಯ ಈ ಮನೆಗೆ ಬಂದೆ. ಅವಳ ಏಟು ಏಟೇ ಅಲ್ಲ. ಅಂಗೈ ಕೆಳಗೆ ರೊಟ್ಟಿ ತಾನಾಗಿ ತಿರುಗುತ್ತಾ ಅಗಲವಾಗುತ್ತಿತ್ತು. ನನಗೆ ಹಾಯಾಗಿ ನಿದ್ದೆ ಬರುತ್ತಿತ್ತು.

ಅವಳ ಗಂಡ ಚನವೀರಪ್ಪನವರು ಶಾಲೆಯ ಡ್ರಿಲ್ ಮಾಸ್ತರರು. ನಿವೃತ್ತರಾಗಿ ಶಾಲೆ ಬಿಟ್ಟರೂ ಕೊರಳ ಸೀಟಿ ಬಿಟ್ಟಿರಲಿಲ್ಲ. ಕುಳಿತಲ್ಲಿಂದ "ರೊಟ್ಟಿ" ಎಂದರೆ ರೊಟ್ಟಿ ಬರಬೇಕು. ಅದು ಹೇಗೆ ಬರುತ್ತದೆಂದು ಅವರು ಒಲೆಯ ಕಡೆ ಇಣುಕಿದವರಲ್ಲ.

ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ನೀಲಗಂಗವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ವರ್ಷದವರೆಗೆ ರೊಟ್ಟಿ ಬಡಿಯುವ ಮಾತೇ ಇಲ್ಲ ಎಂದರು ಡಾಕ್ಟರು. ನಾನು ಗೋಡೆ ಹಿಡಿದೆ. ಖಾನಾವಳಿಯ ರೊಟ್ಟಿ ಬರತೊಡಗಿತು. ಅವಳು ಒಂದು ಚೂರು ಮುರಿದು ತಿಂದು, "ಸಾಕ್ರಿ" ಎಂದು ಏಳುತ್ತಿದ್ದಳು. ಎಡಗೈಯ ಬಳೆಗಳು ಸಡಿಲವಾದವು. ಮಾಸ್ತರರು ಅದನ್ನು ನೋಡಿ ತಾವೂ ಊಟ ಬಿಟ್ಟು ಎದ್ದರು. ಹೊಟ್ಟೆಯೇ ಇಲ್ಲದ ನನಗೂ ಸಂಕಟವಾಯಿತು.

ಒಂದು ಬೆಳಿಗ್ಗೆ ಅವಳು ಹೊರಗೆ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಎದುರಿನ ಹಿಟ್ಟಿನ ಗಿರಣಿ ಶುರುವಾಯಿತು. ಮಾಸ್ತರರು ಕಳ್ಳನ ಹಾಗೆ ಒಳಗೆ ಬಂದು ಚಿಲಕ ಹಾಕಿ ನನ್ನನ್ನು ಇಳಿಸಿದರು. ಗಂಡಸು ರೊಟ್ಟಿ ಬಡಿಯುವ ಸಪ್ಪಳ ಓಣಿಗೆ ಕೇಳಬಾರದಲ್ಲ, ಗಿರಣಿಯ ಗದ್ದಲದಲ್ಲಿ ಮುಚ್ಚಿಹೋಗಲಿ ಎಂದು ಉಪಾಯ. ಜೋಳದ ಹಿಟ್ಟಿಗೆ ನಲ್ಲಿಯ ತಣ್ಣೀರು ಸುರಿದು ಕಲಸಿದರು. ಆಮೇಲೆ ಬಿತ್ತು ನೋಡಿ ಏಟು. ನನಗೆ ಹಗಲಲ್ಲೇ ನಕ್ಷತ್ರ ಕಂಡವು. ರೊಟ್ಟಿ ಸುತ್ತಲೂ ಬಿರಿಯಿತು. "ಸಾವಧಾನ್" ಎಂದು ಗದರಿದರು. ಹಿಟ್ಟು ಕೇಳಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ಮಾಸ್ತರರ ಕೈ ನಿಲ್ಲಲಿಲ್ಲ. ಪಟ್, ಧಡ್, ಪಟ್ ಎಂದು ಓಣಿಗೆಲ್ಲ ಕೇಳಿತು.

ಗಿರಣಿಗೆ ಬಂದಿದ್ದ ನೆರೆಮನೆಯ ದೇವಕ್ಕ ಕೇಳಿದಳು, "ನೀಲಕ್ಕಾ, ನೀ ಇಲ್ಲಿ ಕುಂತೀಯಲ್ಲ, ಒಳಗ ರೊಟ್ಟಿ ಯಾರು ಬಡ್ಯಾಕತ್ತಾರ?"

ನೀಲಗಂಗವ್ವ ಕಿವಿಗೊಟ್ಟಳು. "ಯಾರೋ ಏನೋ. ತಣ್ಣೀರು ಹಾಕ್ಯಾರ ನೋಡು, ಸಪ್ಪಳದಾಗ ತಿಳೀತೈತಿ. ಎಸರು ಕಾಯಿಸಿ, ಕುದಿನೀರು ಹಾಕಿದ್ರ ಬಿರೀತಿರಲಿಲ್ಲ."

ಮಾಸ್ತರರ ಕೈ ಗಾಳಿಯಲ್ಲೇ ನಿಂತಿತು. ನನ್ನನ್ನು ಗೋಡೆಗಾನಿಸಿ ಹಿತ್ತಲಿಂದ ಜಾರಿಕೊಳ್ಳಬಹುದಿತ್ತು. ಬಿರಿದ ರೊಟ್ಟಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚಿಲಕ ತೆಗೆದು, ಮೀಸೆ ತುಂಬ ಹಿಟ್ಟು ಹೊತ್ತು ಬಾಗಿಲಿಗೆ ಬಂದರು.

"ಎಸರು ಎಷ್ಟು ಕುದೀಬೇಕ?" ಎಂದು ಕೇಳಿದರು.

ಗಿರಣಿಗೆ ಬಂದ ಹೆಂಗಸರೆಲ್ಲ ಹಿಟ್ಟಿನ ಬುಟ್ಟಿ ಕೆಳಗಿಟ್ಟು ನಕ್ಕರು. ಮಾಸ್ತರರ ಕಿವಿ ಕೆಂಪಾಯಿತು. ಆದರೂ ಉತ್ತರ ಸಿಗುವವರೆಗೆ ಅಲ್ಲೇ ನಿಂತಿದ್ದರು. ಹೆಂಡತಿಯನ್ನು ಅವರು ಏನಾದರೂ ಕೇಳಿ ಕಲಿತದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಂದಿನಿಂದ ಸೀಟಿ ಗೂಟ ಸೇರಿತು. ಅವಳು ಮಣೆಯ ಮೇಲೆ ಕುಳಿತು ಅಪ್ಪಣೆ ಕೊಡುವಳು, ಅವರು ಬಡಿಯುವರು. ಬಾಗಿಲು ತೆರೆದೇ ಇರುತ್ತಿತ್ತು. ಯುಗಾದಿಯ ಹೊತ್ತಿಗೆ ರೊಟ್ಟಿಗೆ ಮೂಲೆಗಳಿದ್ದವು. ಶ್ರಾವಣಕ್ಕೆ ಮೂಲೆ ಹೋದವು. ದಸರೆಗೆ ಒಂದು ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿತು. ನೀಲಗಂಗವ್ವ ಅದನ್ನು ತಿಂದು ತಾಟು ಮುಂದೆ ಸರಿಸಿದಳು.

"ಇನ್ನೊಂದು ಹಾಕ್ರಿ."

ಮಾಸ್ತರರು ಒಲೆಯ ಕಡೆ ತಿರುಗಿ, ಹೊಗೆಯಿಲ್ಲದ ಗ್ಯಾಸಿನ ಒಲೆಯ ಮುಂದೆ ಕಣ್ಣೊರೆಸಿಕೊಂಡರು.

ಮತ್ತೆ ಸಂಕ್ರಾಂತಿ ಬಂತು. ಕೈ ಗುಣವಾಗಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಲು ಅವಳು ನನ್ನ ಮುಂದೆ ಬಂದು ಕುಳಿತಳು. ಮಾಸ್ತರರು ಎದ್ದು ಪಕ್ಕಕ್ಕೆ ನಿಂತರು. ಕೆಲಸ ಕಳೆದುಕೊಂಡವರ ಮುಖ. ನನಗೂ ಯಾಕೋ ಕಸಿವಿಸಿಯಾಯಿತು. ಅವಳು ಒಂದೇ ಒಂದು ರೊಟ್ಟಿ ಬಡಿದು, ಬೇಯಿಸಿ ಅವರ ತಾಟಿಗೆ ಹಾಕಿ, ಕೈ ಕೊಡವಿಕೊಂಡು ಎದ್ದಳು.

"ಇನ್ನ ನಂದು ನೀವು ಬಡೀರಿ."

ಈಗ ನನ್ನ ಮೈ ನಡುವೆ ಸೀಳಿದೆ, ತಗಡಿನ ಪಟ್ಟಿ ಹೊಡೆದಿದ್ದಾರೆ. ಹೊಸ ಹಲಗೆ ತರೋಣವೆಂದರೆ ಮಾಸ್ತರರು ಒಪ್ಪುವುದಿಲ್ಲ. ಅವಳು ಬಡಿದರೆ ನನಗೆ ಈಗಲೂ ನಿದ್ದೆ ಬರುತ್ತದೆ. ಅವರು ಬಡಿದರೆ ಎಚ್ಚರವಾಗುತ್ತದೆ. ಮುದಿ ವಯಸ್ಸಿನಲ್ಲಿ ಈ ಎಚ್ಚರವೇ ನನಗೆ ಹೆಚ್ಚು ಹಿತವೆನಿಸುತ್ತದೆ.